ಬುಟ್ಟಿಗಿಂತ ಮೊದಲು ನೀರು ನೋಡಿ

“ಸರ್, ನಮ್ಮ ಮಶೀನಿನ ಬುಟ್ಟಿ ಕೆಟ್ಟದ್ರಿ. ಬ್ಯಾರೇದು ತರಿಸ್ಲಿಕ್ಕತ್ತೀನ್ರಿ, ಸರಿ ಆಗ್ತದೇನ್ರಿ?”

ತಿಕೋಟಾದಲ್ಲಿ ಸಣ್ಣ ಕಾಫಿ ಅಂಗಡಿ ನಡೆಸುವ ಹುಡುಗನೊಬ್ಬ ಈಚೆಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಬುಟ್ಟಿ ಎಂದರೆ ಎಸ್ಪ್ರೆಸೊ ಯಂತ್ರದ ಹ್ಯಾಂಡಲಿನಲ್ಲಿ ಕೂರುವ, ಕಾಫಿ ಪುಡಿ ತುಂಬುವ ಜಾಲರಿ. ನಾನು ತಿರುಗಿ ಮೂರು ಪ್ರಶ್ನೆ ಕೇಳಿದೆ. ಕಾಫಿ ಹ್ಯಾಂಡಲಿನ ಮೂತಿಯಿಂದ ಸರಿಯಾಗಿ ಇಳಿಯುತ್ತದೆಯೋ, ಅಂಚಿನಿಂದ ಸೋರುತ್ತದೆಯೋ? ಯಂತ್ರ ತಂದು ಎಷ್ಟು ತಿಂಗಳಾಯಿತು? ಯಾವ ನೀರು ಹಾಕುತ್ತೀಯ? ಅಂಚಿನಿಂದ ಸೋರುತ್ತದೆ, ಒಂದೂವರೆ ವರ್ಷವಾಯಿತು, ಮನೆಯ ಬೋರ್‌ವೆಲ್ ನೀರು ಎಂದ. ಹಾಗಾದರೆ ನಿನ್ನ ಬುಟ್ಟಿಗೆ ಏನೂ ಆಗಿಲ್ಲಪ್ಪ, ಕೆಟ್ಟಿರುವುದು ಅದರ ಮೇಲೆ ಕೂರುವ ರಬ್ಬರ್ ರಿಂಗು, ಅದನ್ನು ಕೆಡಿಸಿದ್ದರಲ್ಲಿ ನಿನ್ನ ನೀರಿನ ಪಾಲೂ ಇದೆ ಎಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಹೊಸ ಬುಟ್ಟಿಗೆ ಅವನು ಆಗಲೇ ದುಡ್ಡು ಕಟ್ಟಿಬಿಟ್ಟಿದ್ದ.

ಎಸ್ಪ್ರೆಸೊ ಯಂತ್ರದ ಬಿಡಿಭಾಗಗಳ ಬಗ್ಗೆ ಇತ್ತೀಚೆಗೆ ಇಂಥ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿವೆ. ವಿಜಯಪುರದ ಕಾಲೇಜು ರಸ್ತೆಗಳ ಕೆಫೆಗಳಿಂದ ಬರುತ್ತವೆ, ಬಬಲೇಶ್ವರದಲ್ಲಿ ಮಗ ಬೆಂಗಳೂರಿನಿಂದ ತಂದುಕೊಟ್ಟ ಮನೆಯಂತ್ರ ಇಟ್ಟುಕೊಂಡವರಿಂದಲೂ ಬರುತ್ತವೆ. ನಮ್ಮದು ಚಹಾದ ಸೀಮೆ. ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರು ನಮ್ಮದೇ ರಾಜ್ಯದಲ್ಲಿದ್ದರೂ ನಮ್ಮ ಅಡುಗೆಮನೆಗೆ ಅವು ದೂರ. ಹೀಗಾಗಿ ಈ ಯಂತ್ರದ ಭಾಷೆಯೇ ಹೊಸದು, ಅಂಗಡಿಯವರು ಹೇಳಿದ್ದನ್ನೇ ನಂಬಬೇಕಾದ ಸ್ಥಿತಿ.

ಮೊದಲು ಒಂದು ಗೊಂದಲ ಕಳೆಯಬೇಕು. ನಮ್ಮಲ್ಲಿ ‘ಎಸ್ಪ್ರೆಸೊ’ ಎಂದರೆ ಬಹಳ ಜನರಿಗೆ ಇಂದಿಗೂ ನೆನಪಾಗುವುದು ಮದುವೆ ಮನೆಯ ಬಾಗಿಲಲ್ಲಿ ಬುಸುಗುಡುತ್ತಿದ್ದ ಉಗಿಯ ಯಂತ್ರ. ಲೋಟದಲ್ಲಿ ಹಾಲು, ಸಕ್ಕರೆ, ಇನ್‌ಸ್ಟಂಟ್ ಕಾಫಿ ಪುಡಿ ಹಾಕಿ, ಉಗಿಯ ಕೊಳವೆ ಅದ್ದಿ ನೊರೆ ಎಬ್ಬಿಸಿ ಕೊಡುತ್ತಿದ್ದರು. ಅದರ ಸವಿ ನನಗೂ ಪ್ರಿಯ. ಆದರೆ ಅದರಲ್ಲಿ ಕಾಫಿ ಸೋಸುವ ಕೆಲಸವೇ ಇಲ್ಲ, ಆದ್ದರಿಂದ ಫಿಲ್ಟರ್ ಬುಟ್ಟಿಯೂ ಇಲ್ಲ. ಅಡುಗೆ ಕಾಂಟ್ರಾಕ್ಟ್ ಮಾಡುವವರು ಆ ಯಂತ್ರಕ್ಕೆ ಬುಟ್ಟಿ ಹುಡುಕುವುದು ಬೇಡ. ಅದರಲ್ಲಿ ನೋಡಿಕೊಳ್ಳಬೇಕಾದವು ಉಗಿಯ ನಲ್ಲಿ, ವಾಶರ್ ಮತ್ತು ಸೇಫ್ಟಿ ವಾಲ್ವ್.

ಇಟಲಿಯಲ್ಲಿ ಹುಟ್ಟಿದ ಎಸ್ಪ್ರೆಸೊ ಬೇರೆ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೇ ಒಂದೊಂದು ಕಪ್ಪಿಗೂ ಪ್ರತ್ಯೇಕವಾಗಿ ಪುಡಿ ತುಂಬಿ ಸಿಕ್ಕಿಸುವ ಹಿಡಿಕೆಯ ಕಲ್ಪನೆ ಇತ್ತು. ಉಗಿಯ ಬದಲು ಹೆಚ್ಚಿನ ಒತ್ತಡದ ಬಿಸಿನೀರಿನಿಂದ ಕಾಫಿ ತೆಗೆಯುವ ದಾರಿಯನ್ನು ಅಕಿಲ್ಲೆ ಗಾಜ್ಜಿಯಾ 1940ರ ದಶಕದಲ್ಲಿ ಗಟ್ಟಿಮಾಡಿದ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಮೋಟಾರ್ ಪಂಪಿನಿಂದ ಆ ಒತ್ತಡವನ್ನು ಒಂದೇ ಸಮ ಕೊಡತೊಡಗಿತು. ಇಂದಿನ ಲೆಕ್ಕ ಸರಳ: ಸುಮಾರು 9 ಬಾರ್ ಒತ್ತಡ, 18 ಗ್ರಾಂ ಪುಡಿ, 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ. ಅಷ್ಟು ಒತ್ತಡದ ನೀರು ಪುಡಿಯ ಮೂಲಕ ಹಾಯ್ದು ಬುಟ್ಟಿಯ ತಳದಲ್ಲಿರುವ, ಸುಮಾರು 0.3 ಮಿಲಿಮೀಟರ್ ಅಗಲದ ನೂರಾರು ಕಣ್ಣುಗಳಿಂದ ಇಳಿಯಬೇಕು.

ಇಲ್ಲಿ ಮೂರು ಭಾಗ ಒಟ್ಟಿಗೆ ದುಡಿಯುತ್ತವೆ. ಮೇಲೆ ನೀರನ್ನು ಸಮನಾಗಿ ಹರಡುವ ಶವರ್ ಸ್ಕ್ರೀನ್ ಎಂಬ ತಟ್ಟೆ. ಸುತ್ತಲೂ ನೀರು ಹೊರಗೆ ನುಸುಳದಂತೆ ಒತ್ತಿ ಹಿಡಿಯುವ ಗ್ಯಾಸ್ಕೆಟ್ ಎಂಬ ರಬ್ಬರ್ ರಿಂಗು. ಕೆಳಗೆ ಪುಡಿ ಹೊತ್ತ ಬುಟ್ಟಿ. ಮೂರರಲ್ಲಿ ಯಾವುದು ಸೋತರೂ ಕಾಫಿ ಕೆಡುತ್ತದೆ. ಆದರೆ ದಿನವೂ ನಮ್ಮ ಕೈಗೆ ಬರುವುದು ಬುಟ್ಟಿ ಮಾತ್ರ, ಉಳಿದೆರಡು ಯಂತ್ರದ ಹೊಟ್ಟೆಯಡಿ ಕಾಣದಂತೆ ಕೂತಿರುತ್ತವೆ. ಆದ್ದರಿಂದ ಆರೋಪವೆಲ್ಲ ಬುಟ್ಟಿಯ ಮೇಲೆ. ನಿಜ ಹೇಳಬೇಕೆಂದರೆ ಒಳ್ಳೆಯ ಸ್ಟೀಲಿನ ಬುಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಸವೆಯುವುದು ರಬ್ಬರ್, ಕಟ್ಟಿಕೊಳ್ಳುವುದು ಶವರ್ ತಟ್ಟೆ.

ಯಾವುದು ಸೋತಿದೆ ಎಂದು ತಿಳಿಯುವುದು ಕಷ್ಟವಲ್ಲ. ಹ್ಯಾಂಡಲ್ ಹೊಸತರಲ್ಲಿ ನೇರ ನಮ್ಮ ಎದೆಯ ಕಡೆ ಬಂದು ಬಿಗಿಯಾಗುತ್ತಿತ್ತು, ಈಗ ಅದನ್ನೂ ದಾಟಿ ಬಲಕ್ಕೆ ತಿರುಗುತ್ತಿದೆ, ಆದರೂ ಅಂಚಿನಿಂದ ಹನಿ ಸೋರುತ್ತದೆ ಎಂದರೆ ಗ್ಯಾಸ್ಕೆಟ್ ಕಲ್ಲಾಗಿದೆ ಅಥವಾ ಅದರ ಮೇಲೆ ಹಳೆಯ ಪುಡಿ ಮೆತ್ತಿಕೊಂಡಿದೆ. ಹ್ಯಾಂಡಲ್ ತೆಗೆದು ಬರೀ ನೀರು ಬಿಟ್ಟಾಗ ಅದು ಒಂದೇ ಮಗ್ಗುಲಿಗೆ ಸುರಿಯುತ್ತಿದ್ದರೆ ಶವರ್ ತಟ್ಟೆ ಕಟ್ಟಿಕೊಂಡಿದೆ. ಇವೆರಡೂ ಸರಿಯಿದ್ದರೆ ಮಾತ್ರ ಬುಟ್ಟಿಯ ಸರದಿ. ಅದನ್ನು ಬಿಸಿನೀರಿನಲ್ಲಿ ಕಾಫಿ ಯಂತ್ರಕ್ಕೆಂದೇ ಸಿಗುವ ತೊಳೆಯುವ ಪುಡಿ ಹಾಕಿ ನೆನೆಸಿ, ತೊಳೆದು, ಬಿಸಿಲಿಗೆ ಎತ್ತಿ ಹಿಡಿಯಿರಿ. ಎಲ್ಲ ಕಣ್ಣುಗಳಿಂದ ಬೆಳಕು ಒಂದೇ ಸಮ ಬಂದರೆ, ಅಂಚು ನೆಗ್ಗಿಲ್ಲದಿದ್ದರೆ, ತಳದಲ್ಲಿ ಬಿರುಕಿಲ್ಲದಿದ್ದರೆ ಅದು ಆರೋಗ್ಯವಾಗಿದೆ. ಕಟ್ಟಿದ ಕಣ್ಣನ್ನು ಸೂಜಿಯಿಂದ ತಿವಿಯುವ ಅಭ್ಯಾಸ ಮಾತ್ರ ಬಿಡಿ. ಹಿಟ್ಟಿನ ಸಾಣಿಗೆಯ ಕಣ್ಣು ಮೊಳೆಯಿಂದ ಅಗಲ ಮಾಡಿದರೆ ತವುಡೂ ಕೆಳಗಿಳಿಯುತ್ತದೆ. ಇಲ್ಲಿಯೂ ಅಷ್ಟೇ: ಅಗಲವಾದ ಕಣ್ಣಿನ ಕಡೆಗೇ ನೀರು ಓಡುತ್ತದೆ, ಉಳಿದ ಪುಡಿ ಸಾರ ಬಿಡದೆ ಉಳಿಯುತ್ತದೆ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಈ ವಿವರ ಹೊಸದಾಗಿ ಕಲಿಸಬೇಕಿಲ್ಲ. ಅವರ ತೋಟದ ಹನಿ ನೀರಾವರಿಯ ಶೆಡ್ಡಿಗೆ ಹೋಗಿ ನೋಡಿ. ಮರಳಿನ ಫಿಲ್ಟರ್, ಅದರ ಮುಂದೆ 120 ಮೆಶ್ ಜಾಲರಿ ಅಥವಾ ಡಿಸ್ಕ್ ಫಿಲ್ಟರ್, ಎರಡೂ ಬದಿಗೆ ಒತ್ತಡ ತೋರಿಸುವ ಗೇಜು. ಎರಡು ಗೇಜುಗಳ ಅಂತರ ಹೆಚ್ಚಾದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ರೈತ ಹೊಸ ಜಾಲರಿ ತರಲು ಓಡುವುದಿಲ್ಲ, ಮೊದಲು ವಾಲ್ವ್ ತಿರುಗಿಸಿ ಉಲ್ಟಾ ನೀರು ಬಿಟ್ಟು ತೊಳೆಯುತ್ತಾನೆ. ಕಾಫಿ ಯಂತ್ರಕ್ಕೂ ಇದೇ ಕ್ರಮವಿದೆ. ಕಣ್ಣೇ ಇಲ್ಲದ ಕುರುಡು ಬುಟ್ಟಿ ಎಂಬುದೊಂದು ಸಿಗುತ್ತದೆ. ಅದನ್ನು ಹಾಕಿ, ತೊಳೆಯುವ ಪುಡಿ ಸ್ವಲ್ಪ ಉದುರಿಸಿ, ಪಂಪನ್ನು ಕೆಲವು ಸೆಕೆಂಡು ನಡೆಸಿ ನಿಲ್ಲಿಸಿದರೆ ನೀರು ಹಿಂದಕ್ಕೆ ನುಗ್ಗಿ ಒಳದಾರಿಯ ಜಿಡ್ಡನ್ನೆಲ್ಲ ಹೊರಗೆ ತರುತ್ತದೆ. ನಾಲ್ಕಾರು ಸಲ ಹೀಗೆ ಮಾಡಿ ಕೊನೆಗೆ ಬರೀ ನೀರಿನಲ್ಲಿ ತೊಳೆಯಬೇಕು. ಇದು ಒತ್ತಡವನ್ನು ಹೊರಗೆ ಬಿಡುವ ಮೂರು ದಾರಿಯ ವಾಲ್ವ್ ಇರುವ ಯಂತ್ರಗಳಿಗೆ ಮಾತ್ರ. ಅದಿಲ್ಲದ ಸಣ್ಣ ಮನೆಯಂತ್ರದಲ್ಲಿ ಈ ಪ್ರಯೋಗ ಮಾಡಬಾರದು, ಒಳಗಿನ ಕೊಳವೆಗಳಿಗೆ ಪೆಟ್ಟು ಬೀಳುತ್ತದೆ. ನಿಮ್ಮದು ಯಾವುದು ಎಂದು ಯಂತ್ರದ ಕೈಪಿಡಿಯೇ ಹೇಳುತ್ತದೆ.

ಇಷ್ಟಾಗಿಯೂ ಬುಟ್ಟಿ ಬದಲಿಸಲೇಬೇಕು ಎಂದಾದರೆ ಅಳತೆಯ ಮಾತು. ಕುಕ್ಕರಿನ ರಿಂಗ್ ತರುವಾಗ ನಮ್ಮ ಅವ್ವಂದಿರು ಮುಚ್ಚಳವನ್ನೇ ಚೀಲದಲ್ಲಿ ಹಾಕಿಕೊಂಡು ಬಜಾರಕ್ಕೆ ಹೋಗುತ್ತಿದ್ದರು. ಅದಕ್ಕಿಂತ ಒಳ್ಳೆಯ ವಿಧಾನ ಇನ್ನೊಂದಿಲ್ಲ. ಆದರೆ ಈ ಬುಟ್ಟಿಗಳು ಹೆಚ್ಚಾಗಿ ಕೊರಿಯರಿನಲ್ಲಿ ಬರುತ್ತವೆ, ಆದ್ದರಿಂದ ಅಂಕಿ ಗೊತ್ತಿರಬೇಕು. ಕೆಫೆಗಳ ದೊಡ್ಡ ಯಂತ್ರಗಳಲ್ಲಿ ಬಹುಪಾಲು 58 ಮಿಲಿಮೀಟರ್. ಮನೆಯಂತ್ರಗಳಲ್ಲಿ ಗಾಜ್ಜಿಯಾ ಕ್ಲಾಸಿಕ್, ರಾಂಚಿಲಿಯೊ ಸಿಲ್ವಿಯಾ ಕೂಡ 58. ಬ್ರೆವಿಲ್ ಬರಿಸ್ತಾ ಎಕ್ಸ್‌ಪ್ರೆಸ್ 54. ಡಿಲೊಂಗಿ ಡೆಡಿಕಾ 51. ಈ ಅಂಕಿ ಬುಟ್ಟಿಯ ಬಾಯಿಯ ಒಳ ಅಗಲದ್ದು. ಹೊರಗೆ ಚಾಚಿದ ತುಟಿ ಸೇರಿಸಿ ಅಳೆದರೆ 58ರ ಬುಟ್ಟಿಯೇ ಸುಮಾರು 70 ತೋರಿಸುತ್ತದೆ. ಆ 70 ಹಿಡಿದುಕೊಂಡು ಹುಡುಕಿದವರು ಪೇಟೆಯಲ್ಲೆಲ್ಲೂ ಸಿಗುವುದಿಲ್ಲ ಎಂದು ಬೇಸರಪಡುತ್ತಾರೆ. ಲೇಥ್ ಅಂಗಡಿಯಲ್ಲಿ ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಬುಟ್ಟಿ ಒಯ್ದು ಒಳ ಅಗಲ, ತುಟಿಯ ಅಗಲ, ಆಳ ಮೂರನ್ನೂ ಬರೆಸಿಕೊಂಡು ಬನ್ನಿ.

ಎರಡನೆಯ ಆಯ್ಕೆ ಒಂಟಿ ತಳವೋ ಜೋಡಿ ತಳವೋ ಎಂಬುದು. ಇಲ್ಲಿ ನನ್ನ ಅನುಭವ ಹೇಳುತ್ತೇನೆ. ನಮ್ಮ ಮನೆಯ ಸಣ್ಣ ಯಂತ್ರಕ್ಕೆ ಜೋಡಿ ತಳದ ಬುಟ್ಟಿ ಬಂದಿತ್ತು. ಅದರ ಮೇಲಿನ ತಳದಲ್ಲಿ ನೂರಾರು ಕಣ್ಣು, ಅದರಡಿ ಇನ್ನೊಂದು ತಳ, ಅದಕ್ಕೆ ಒಂದೇ ಸಣ್ಣ ತೂತು. ಒತ್ತಡ ಹುಟ್ಟುವುದು ಆ ತೂತಿನಿಂದ, ಆದ್ದರಿಂದ ಪುಡಿ ಸ್ವಲ್ಪ ದಪ್ಪವಿದ್ದರೂ ನೊರೆ ಬರುತ್ತದೆ. ಕೆಫೆಯಂಥ ಕಾಫಿ ಬೇಕೆಂಬ ಆಸೆಗೆ ನಾನು ಒಂಟಿ ತಳದ ಬುಟ್ಟಿ ತರಿಸಿದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಪುಡಿ ಮಾತ್ರ ಮನೆಯಲ್ಲಿ ಫಿಲ್ಟರ್ ಕಾಫಿಗೆ ತಂದಿಟ್ಟ, ಚಿಕೋರಿ ಬೆರೆತದ್ದು. ಹತ್ತು ಸೆಕೆಂಡಿನೊಳಗೆ ಕಂದು ನೀರು ಸುರಿದು ಲೋಟ ತುಂಬಿತು, ನಾಲಿಗೆಗೆ ಹುಳಿಯೂ ಅಲ್ಲ ಕಹಿಯೂ ಅಲ್ಲ. ಪುಡಿಯನ್ನು ಬಿಗಿಯಾಗಿ ಒತ್ತಿ ನೋಡಿದೆ, ಹೆಚ್ಚು ತುಂಬಿ ನೋಡಿದೆ. ಚಿಕೋರಿ ನೀರಿಗೆ ಕರಗಿ ಅಂಟಾಗಿ ಕಣ್ಣುಗಳಿಗೆ ಮೆತ್ತಿತು. ಒಂಟಿ ತಳದ ಬುಟ್ಟಿಯಲ್ಲಿ ಒತ್ತಡ ಹುಟ್ಟಬೇಕಾದದ್ದು ಪುಡಿಯ ನುಣುಪಿನಿಂದಲೇ ಎಂಬುದು ಆಗ ಅರ್ಥವಾಯಿತು. ಆಗಾಗ ಹುರಿದ ಬೀಜ ತಂದು, ನುಣುಪನ್ನು ಎಳೆಎಳೆಯಾಗಿ ಬದಲಿಸಬಲ್ಲ ಗ್ರೈಂಡರಿನಲ್ಲಿ ಆಗಲೇ ಬೀಸುವವರಿಗೆ ಮಾತ್ರ ಆ ಬುಟ್ಟಿ. ಪ್ಯಾಕೆಟ್ ಪುಡಿ ಬಳಸುವ ಮನೆಗೆ ಜೋಡಿ ತಳವೇ ಸರಿ, ಅದೂ ಚಿಕೋರಿ ಇಲ್ಲದ ಪುಡಿಯೊಂದಿಗೆ. ಚಿಕೋರಿ ಕಾಫಿ ಬೇಕೆನಿಸಿದಾಗ ಹಿತ್ತಾಳೆಯ ಫಿಲ್ಟರ್ ಇದ್ದೇ ಇದೆ, ಅದರ ರುಚಿಗೆ ಅದೇ ಸಾಟಿ.

ಮೂರನೆಯದು ಆಳ. ಬುಟ್ಟಿಗಳ ಮೇಲೆ 14, 18, 20, 22 ಗ್ರಾಂ ಎಂದು ಬರೆದಿರುತ್ತದೆ. ದೊಡ್ಡದನ್ನು ತಂದರೆ ಬೇಕಾದಾಗ ಕಡಿಮೆ ತುಂಬಿದರಾಯಿತು ಎಂದು ಹಲವರು ಯೋಚಿಸುತ್ತಾರೆ. 22ರ ಬುಟ್ಟಿಗೆ 14 ಗ್ರಾಂ ಹಾಕಿದರೆ ಪುಡಿಯ ಹಾಸು ತೆಳ್ಳಗಾಗಿ, ಮೇಲೆ ನೀರು ನಿಂತು, ಕೊನೆಗೆ ರಾಡಿಯಾಗುತ್ತದೆ. ಸಣ್ಣದಕ್ಕೆ ಹೆಚ್ಚು ತುರುಕಿದರೆ ಪುಡಿ ಶವರ್ ತಟ್ಟೆಗೆ ಒತ್ತಿ, ನೀರು ಹರಡಲು ಜಾಗವೇ ಇರುವುದಿಲ್ಲ. ಒಂದು ಸುಲಭ ಪರೀಕ್ಷೆಯಿದೆ. ಪುಡಿ ತುಂಬಿ ಒತ್ತಿದ ಮೇಲೆ ತೊಳೆದ ಒಂದು ರೂಪಾಯಿ ನಾಣ್ಯವನ್ನು ಅದರ ಮೇಲಿಟ್ಟು, ಹ್ಯಾಂಡಲನ್ನು ಯಂತ್ರಕ್ಕೆ ಸಿಕ್ಕಿಸಿ, ನೀರು ಬಿಡದೆ ಹಾಗೇ ಬಿಚ್ಚಿ ನೋಡಿ. ನಾಣ್ಯ ಪುಡಿಯೊಳಗೆ ಹುದುಗಿದ್ದರೆ ತುಂಬಿದ್ದು ಹೆಚ್ಚಾಯಿತು. ಅಂಗಡಿಯವರು ಒಂದು ಸಲಕ್ಕೆ ಎಷ್ಟು ಗ್ರಾಂ ಹಾಕುತ್ತೇವೆ ಎಂಬುದನ್ನು ಮೊದಲು ತೂಗಿ ತಿಳಿದುಕೊಂಡು, ಅದಕ್ಕೆ ಹೊಂದುವ ಬುಟ್ಟಿ ಕೊಳ್ಳಬೇಕು. ವಿಎಸ್‌ಟಿ, ಐಎಂಎಸ್ ಹೆಸರಿನ ದುಬಾರಿ ಬುಟ್ಟಿಗಳ ಬಗ್ಗೆ ಕೇಳುವವರಿದ್ದಾರೆ. ಕಣ್ಣುಗಳೆಲ್ಲ ಒಂದೇ ಅಳತೆಗಿರುವಂತೆ ಎಚ್ಚರದಿಂದ ಮಾಡಿದ ಒಳ್ಳೆಯ ಬುಟ್ಟಿಗಳು ಅವು. ಗ್ರೈಂಡರ್ ಸಾಧಾರಣವಾಗಿರುವಾಗ ಆ ಹಣವನ್ನು ಬುಟ್ಟಿಗೆ ಸುರಿಯಬೇಡಿ ಎಂಬುದು ನನ್ನ ಅಭಿಪ್ರಾಯ.

ಗ್ಯಾಸ್ಕೆಟ್ಟಿಗೆ ಮೂರು ಅಂಕಿ ಬೇಕು: ಹೊರ ಅಗಲ, ಒಳ ಅಗಲ, ದಪ್ಪ. ಇ61 ಮಾದರಿಗೆ 73, 57 ಮತ್ತು 8 ಅಥವಾ 8.5 ಮಿಲಿಮೀಟರ್. ಅರ್ಧ ಮಿಲಿಮೀಟರ್ ದಪ್ಪ ಹೆಚ್ಚು ಕಡಿಮೆಯಾದರೂ ಹ್ಯಾಂಡಲ್ ಕೂರುವ ಜಾಗ ಬದಲಾಗುತ್ತದೆ. ದಿನವಿಡೀ ಓಡುವ ಅಂಗಡಿಯ ಯಂತ್ರದಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಇದನ್ನು ಬದಲಿಸುವುದು ಒಳ್ಳೆಯದು. ಸಿಲಿಕೋನಿನದು ರಬ್ಬರಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ನಮ್ಮಲ್ಲಿ ಒಂದು ಮೋಹವಿದೆ: ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಎಲ್ಲ ಅಳತೆಯ ರಬ್ಬರ್ ರಿಂಗೂ ಸಿಗುತ್ತದೆ, ಅದನ್ನೇ ಕೂರಿಸಿಬಿಡೋಣ ಎಂಬುದು. ಬೇಡ. ಬಾಯಿಗೆ ಹೋಗುವ, ಕುದಿಯುವಷ್ಟು ಬಿಸಿಯಾದ ನೀರು ತಾಗುವ ಜಾಗ ಅದು. ಆಹಾರಕ್ಕೆ ಯೋಗ್ಯವೆಂದು ನಮೂದಿಸಿದ ರಿಂಗನ್ನೇ ಹಾಕಬೇಕು. ಬಾಯ್ಲರಿನ ಸೇಫ್ಟಿ ವಾಲ್ವ್, ಹೀಟರ್, ಒತ್ತಡದ ಸ್ವಿಚ್ಚಿನ ವಿಷಯಕ್ಕಂತೂ ಬದಲಿ ಮಾಲು, ಸ್ವಂತ ರಿಪೇರಿ ಎರಡೂ ಕೂಡದು. ಕಂಪನಿಯ ಭಾಗ, ಬಲ್ಲ ಮೆಕ್ಯಾನಿಕ್ಕಿನ ಕೈ, ಅಷ್ಟೇ. ಅಲ್ಲಿ ಉಳಿಸಿದ ಹಣಕ್ಕೆ ಮೈಸುಟ್ಟುಕೊಳ್ಳುವ ಅಪಾಯವಿದೆ.

ಈಗ ನೀರಿನ ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಬೇಗಂ ತಲಾಬಿನ ಮತ್ತು ತೊರವಿಯ ನೀರನ್ನು ಕೊಳವೆಗಳಲ್ಲಿ ವಿಜಯಪುರಕ್ಕೆ ತಂದ ಆದಿಲ್‌ಶಾಹಿಗಳು ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡ ತಗ್ಗಿ, ಹೊತ್ತು ತಂದ ಹೂಳು ಅಲ್ಲಿ ತಂಗಿ, ಆಮೇಲೆ ಅದು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಕೆಲವು ಗೋಪುರಗಳು ಇಂದಿಗೂ ನಿಂತಿವೆ. ಕೊಳವೆಗೆ ಬಿಡುವ ಮುಂಚೆ ನೀರನ್ನು ಹದಗೊಳಿಸಬೇಕು ಎಂಬ ತಿಳಿವಳಿಕೆ ಈ ಊರಿಗೆ ಹದಿನೇಳನೆಯ ಶತಮಾನದಷ್ಟು ಹಳೆಯದು. ಹೂಳು ಕಣ್ಣಿಗೆ ಕಾಣುತ್ತದೆ, ಗಡಸುತನ ಕಾಣುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿ ತಾಗಿದೊಡನೆ ಕರಗದ ರೂಪಕ್ಕೆ ತಿರುಗಿ ಪದರವಾಗಿ ಕೂರುತ್ತದೆ. ಬಕೆಟ್ಟಿನ ಬಿಳಿ ಕಲೆ, ನೀರು ಕಾಯಿಸುವ ಕಾಯಿಲಿನ ಮೇಲಿನ ಹೊಪ್ಪಳೆ ಅದೇ. ಕಾಫಿ ಯಂತ್ರದೊಳಗೆ ಅದು ಹೀಟರ್ ಮೇಲೆ, ವಾಲ್ವಿನಲ್ಲಿ, ಶವರ್ ತಟ್ಟೆಯ ಕಣ್ಣಿನಲ್ಲಿ ಕೂರುತ್ತದೆ. ಅದರ ಚೂರುಗಳು ಗ್ಯಾಸ್ಕೆಟ್ಟಿನ ಸಂದಿಗೆ ಸೇರಿ ಅದನ್ನು ಸರಿಯಾಗಿ ಕೂರಗೊಡುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಗೆ. ಮನುಷ್ಯನಿಗೆ ಒಪ್ಪಿತವಾದದ್ದೆಲ್ಲ ಬಾಯ್ಲರಿಗೆ ಒಪ್ಪುವುದಿಲ್ಲ. ಕಾಫಿಗೆ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಒಟ್ಟು ಲವಣ, ಮಿಲಿಗ್ರಾಂಗಳಲ್ಲಿ) 150ರ ಆಸುಪಾಸು, ಹೆಚ್ಚೆಂದರೆ 75ರಿಂದ 250ರೊಳಗೆ ಇರಬೇಕು ಎಂಬುದು ಕಾಫಿ ವೃತ್ತಿಯವರು ಒಪ್ಪಿಕೊಂಡ ಲೆಕ್ಕ. ಹಾಗೆಂದು ಪೂರಾ ಆರ್‌ಒ ನೀರು ಸುರಿಯುವುದೂ ಸರಿಯಲ್ಲ. ಲವಣವೇ ಇಲ್ಲದ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ, ಲೋಹ ಸವೆಯುತ್ತದೆ, ಕೆಲವು ಯಂತ್ರಗಳ ನೀರಿನ ಮಟ್ಟ ತಿಳಿಯುವ ಸೆನ್ಸರಿಗೆ ಆ ನೀರು ಇದ್ದದ್ದೇ ಗೊತ್ತಾಗುವುದಿಲ್ಲ. ದಾರಿ ಎಂದರೆ ಬೆರಕೆ. ಉದಾಹರಣೆಗೆ ಆರ್‌ಒ ನೀರಿನ ಟಿಡಿಎಸ್ 20, ನೀವು ಕುಡಿಯುವ ನಲ್ಲಿ ನೀರಿನದು 620 ಎನ್ನೋಣ. ನಾಲ್ಕು ಲೀಟರ್ ಆರ್‌ಒ ನೀರಿಗೆ ಒಂದು ಲೀಟರ್ ನಲ್ಲಿ ನೀರು ಬೆರೆಸಿದರೆ 140 ಆಗುತ್ತದೆ. ಟಿಡಿಎಸ್ ಮೀಟರ್ ಅಗ್ಗದ ಸಾಧನ, ಆದರೆ ಅದು ಎಲ್ಲ ಲವಣಗಳನ್ನೂ ಒಟ್ಟಾಗಿ ಅಳೆಯುತ್ತದೆ. ಗಡಸುತನ ತಿಳಿಯಲು ಬಣ್ಣ ಬದಲಿಸುವ ಪಟ್ಟಿ ಬೇರೆ ಸಿಗುತ್ತದೆ. ಅಂಗಡಿಯವರು ಎರಡನ್ನೂ ಇಟ್ಟುಕೊಳ್ಳಿ.

ಕೂತ ಸುಣ್ಣ ತೆಗೆಯುವುದಕ್ಕೂ ತೋಟದಲ್ಲಿ ಮಾದರಿಯಿದೆ. ಡ್ರಿಪ್ ಪೈಪಿನ ಕಣ್ಣು ಸುಣ್ಣದಿಂದ ಕಟ್ಟಿದಾಗ ಬೆಳೆಗಾರರು ಆ್ಯಸಿಡ್ ಟ್ರೀಟ್‌ಮೆಂಟ್ ಮಾಡುತ್ತಾರೆ. ತತ್ವ ಅದೇ, ಆದರೆ ತೋಟದ ಆ್ಯಸಿಡ್ ಕಾಫಿ ಯಂತ್ರದ ಹತ್ತಿರವೂ ಬರಕೂಡದು. ಮನೆಯಂತ್ರಕ್ಕೆ ಕೈಪಿಡಿ ಒಪ್ಪಿದರೆ ಸಿಟ್ರಿಕ್ ಆ್ಯಸಿಡ್ ಪುಡಿಯ ತೆಳು ದ್ರಾವಣ, ಅಥವಾ ಕಂಪನಿಯವರದೇ ಡಿಸ್ಕೇಲರ್, ಆಮೇಲೆ ಎರಡು ಮೂರು ಟ್ಯಾಂಕ್ ಬರೀ ನೀರು. ಅಲ್ಯೂಮಿನಿಯಂ ಬಾಯ್ಲರ್ ಇದ್ದರೆ ಇನ್ನೂ ಎಚ್ಚರ ಬೇಕು. ಕೆಫೆಯ ದೊಡ್ಡ ಬಾಯ್ಲರನ್ನು ಮೆಕ್ಯಾನಿಕ್ಕಿಗೇ ಬಿಡಿ.

ತಿಕೋಟಾದ ಹುಡುಗ ಎಂಟು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ದ. ರಿಂಗ್ ಬದಲಿಸಿದ್ದ, ಅದು ಕೂರುವ ಸಂದಿಯಲ್ಲಿ ಕರಕಾಗಿದ್ದ ಪುಡಿಯನ್ನೆಲ್ಲ ಕೆರೆದು ತೆಗೆದಿದ್ದ, ಶವರ್ ತಟ್ಟೆ ಬಿಚ್ಚಿ ನೆನೆಸಿದ್ದ. “ಹಳೇ ಬುಟ್ಟೀನೇ ನಡೀಲಿಕ್ಕತ್ತದ್ರಿ ಸರ್” ಎಂದ. ಹೊಸ ಬುಟ್ಟಿ ಡಬ್ಬದಲ್ಲೇ ಇದೆ, ಯಾವತ್ತಾದರೂ ಬೇಕಾದೀತು.

ಎಲ್ಲರಿಗೂ ನಾನು ಹೇಳುವುದಿಷ್ಟೆ. ಯಂತ್ರದ ಮಾದರಿ ಸಂಖ್ಯೆ, ಬುಟ್ಟಿಯ ಮೂರು ಅಳತೆ, ಗ್ಯಾಸ್ಕೆಟ್ಟಿನ ಮೂರು ಅಳತೆ, ಇವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿಗೆ ಅಂಟಿಸಿ. ಅಂಗಡಿ ನಡೆಸುವವರು ಒಂದು ಗ್ಯಾಸ್ಕೆಟ್, ಒಂದು ಶವರ್ ತಟ್ಟೆ ಮುಂಗಡವಾಗಿ ತಂದಿಡಿ. ನಮ್ಮೂರಿಗೆ ಕೊರಿಯರ್ ಬರುವವರೆಗೆ ಬಾಗಿಲು ಹಾಕಿ ಕೂರುವಂತಾಗಬಾರದು. ಕಾಫಿ ಕೆಟ್ಟ ದಿನ ಮೊದಲು ನೀರು ನೋಡಿ, ಆಮೇಲೆ ರಿಂಗು, ಆಮೇಲೆ ಶವರ್ ತಟ್ಟೆ. ಬುಟ್ಟಿಗೆ ದುಡ್ಡು ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.